ತಳ ಸೀದ ಬಿಸ್ಕೆಟ್

“ಇನ್ನೊಂದು ಐದು ನಿಮಿಷ ಒಳಗೇ ಇರ್ಲಿ ಅಕ್ಕ,” ಎಂದೆ.

ಓವನ್ನಿನ ಹಿಡಿಗೆ ಕೈ ಹಾಕಿದ್ದ ಆಕೆ ತಿರುಗಿ ನೋಡಿದರು. ಗಾಜಿನ ಬಾಗಿಲಿನಾಚೆ ಮೀನಿನಾಕಾರದ ಬಿಸ್ಕೆಟ್‌ಗಳು ತಟ್ಟೆಯ ತುಂಬ ಮಲಗಿದ್ದವು.

“ಯಾಕೆ? ಇನ್ನೇನು ಆಗೋ ಹೊತ್ತಾಯ್ತು.”

“ಆಗ್ಲಿ ಬಿಡಿ. ಕೂತ್ಕೊಳ್ಳಿ, ಸ್ವಲ್ಪ ಮಾತಾಡೋದಿದೆ.”

ಬೀದಿಯವರೆಲ್ಲ ಬಿಸ್ಕೆಟ್ ಅಕ್ಕ ಎಂದು ಕರೆಯುವ ಆಕೆ ಟವೆಲ್ಲಿಗೆ ಕೈ ಒರೆಸಿಕೊಂಡು ನನ್ನೆದುರು ಕುಳಿತರು. ಎರಡು ವರ್ಷದ ಹಿಂದೆ ಕೆರೆಯ ಪಕ್ಕ ಸ್ಕೂಟರ್ ಬಿಟ್ಟು ಕಾಣೆಯಾದ ತಂಗಿಯನ್ನು ಹುಡುಕಿಕೊಡಿ ಎಂದು ಆಕೆ ಈಚೆಗೆ ನನ್ನನ್ನು ಗೊತ್ತುಮಾಡಿದ್ದರು. ಮುಳುಗಿ ಸತ್ತಳೆಂದು ಪೊಲೀಸರು ಕೈತೊಳೆದುಕೊಂಡಿದ್ದ ಆ ತಂಗಿಯದೇ ಕೈಕೆಲಸ ಎನ್ನಿಸುವ ನಾಯಿ ಬಿಸ್ಕೆಟ್‌ಗಳು ಕೆಲವು ವಾರಗಳಿಂದ ಬೀದಿನಾಯಿಗಳ ಆಶ್ರಯದ ಗೇಟಿಗೆ ಬಂದು ಬೀಳುತ್ತಿದ್ದವು.

ಅದರ ಜಾಡು ಹಿಡಿದು ಊರೆಲ್ಲ ಅಲೆದವನು ನಾನು. ಕಳೆದುಹೋದ ಕಾರು, ಕಳೆದುಹೋದ ಗಂಡಂದಿರನ್ನು ಹುಡುಕಿಕೊಟ್ಟು ಹೊಟ್ಟೆ ಹೊರೆಯುವವನಿಗೆ ಇಂಥ ಕೇಸು ಸಿಗಬೇಕೇ? ನಾಯಿ ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಆಶ್ರಯಕ್ಕೆ ಹೋದಾಗಲೆಲ್ಲ ಕಾವಲುಗಾರನ ಬೆನ್ನಿಗೆ ಅಂಟಿಕೊಂಡೇ ನಡೆದಿದ್ದೇನೆ. ಅವನು ನಕ್ಕಿದ್ದಾನೆ, ನಗಲಿ.

“ಏನಾದ್ರೂ ಗೊತ್ತಾಯ್ತಾ?” ಅಕ್ಕನ ಕಣ್ಣಲ್ಲಿ ಆಸೆ ಮಿಂಚಿತು. ಅದಕ್ಕೇ ನೇರವಾಗಿ ಹೇಳದೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದೆ.

ಕಪಾಟಿನಲ್ಲಿ ಓಟ್ಸ್ ಹಿಟ್ಟಿನ ಡಬ್ಬಿ. ಬೇಯಿಸಿ ಹಿಸುಕಿದ ಸಿಹಿಗುಂಬಳದ ಬಟ್ಟಲು. ಮನೆಯಲ್ಲೇ ಹುರಿದು ರುಬ್ಬಿದ ಕಡಲೆಕಾಯಿ. ಅಂಗಡಿಯಿಂದ ತಂದ ಕಡಲೆಕಾಯಿ ಬೆಣ್ಣೆ ಈ ಮನೆಯ ಹೊಸಿಲು ದಾಟುವ ಹಾಗಿಲ್ಲ. ಕೆಲವದರಲ್ಲಿ ಸಕ್ಕರೆಯ ಬದಲು ಬೆರೆಸುವ ಸಿಹಿ ನಾಯಿಯ ಪ್ರಾಣವನ್ನೇ ತೆಗೆದುಬಿಡುತ್ತದಂತೆ. ಉಪ್ಪು ಬೇಡ, ಈರುಳ್ಳಿ ಬೇಡ, ಒಣದ್ರಾಕ್ಷಿಯಂತೂ ಬೇಡವೇ ಬೇಡ. ನಾನು ತಿನ್ನುವುದರ ಬಗ್ಗೆ ಈ ಜನ್ಮದಲ್ಲಿ ಯಾರೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ.

ಬಾಗಿಲ ಪಕ್ಕ ತೊಳೆದಿಟ್ಟ ನಾಯಿ ತಟ್ಟೆಯೊಂದಿತ್ತು. ತಂಗಿಯ ನಾಯಿಯದು. ಅದು ಹೋದ ವರ್ಷವೇ ತೀರಿಕೊಂಡಿತು. ತಟ್ಟೆಯನ್ನು ಮಾತ್ರ ಅಕ್ಕ ಇಂದಿಗೂ ದಿನಾ ತೊಳೆಯುತ್ತಾರೆ.

“ನಿಮ್ಮ ತಂಗಿಗೆ ವಾಸನೆ ಗೊತ್ತಾಗಲ್ಲ ಅಂತ ನೀವು ನಂಗೆ ಹೇಳ್ಲೇ ಇಲ್ಲ,” ಎಂದೆ.

“ಗುಬ್ಬಿಗಾ?” ಆ ಮುದ್ದಿನ ಹೆಸರು ಬಾಯಿಗೆ ಬಂದ ಕೂಡಲೇ ಆಕೆಯ ಮುಖ ಸಡಿಲವಾಯಿತು. “ಅದೇನು ಹೇಳೋ ವಿಷಯ ಸಾರ್? ಚಿಕ್ಕವಳಿದ್ದಾಗ ಜ್ವರ ಬಂತು. ಜ್ವರ ಬಿಡ್ತು, ಹೋಗ್ತಾ ಮೂಗನ್ನೂ ಕರ್ಕೊಂಡು ಹೋಯ್ತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ ಅವಳಿಗೆ.”

“ಹಾಗಿದ್ದೂ ಬೇಯಿಸೋ ಕೆಲ್ಸ ಹಿಡಿದ್ರಲ್ಲ?”

“ಮೂಗು ನಂದು, ಕೈ ಅವಳದು.” ಅಕ್ಕ ನಕ್ಕರು. “ಹಿಟ್ಟು ನಾದೋದು, ಲಟ್ಟಿಸೋದು, ಅಚ್ಚು ಒತ್ತೋದು ಎಲ್ಲ ಅವಳೇ. ತಟ್ಟೆ ಒಳಗೆ ಹೋದ್ಮೇಲೆ ನನ್ನ ಪಕ್ಕ ಬಂದು ನಿಂತ್ಕೊಂಡು, ‘ವಾಸನೆ ಬಂತಾ ಅಕ್ಕ? ವಾಸನೆ ಬಂತಾ?’ ಅಂತ ಪ್ರಾಣ ತಿನ್ನೋಳು. ಇನ್ನೂ ಇಲ್ಲ ಕಣೇ, ಸುಮ್ನಿರೇ ಅಂದ್ರೆ ಒಂದು ಗಳಿಗೆ ಸುಮ್ನಿರೋಳು. ಆಮೇಲೆ ಮತ್ತೆ ಅದೇ ರಾಗ. ಈಗ್ಲೂ ನಾನು ಓವನ್ ಹಚ್ಚಿದಾಗ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಡ್ತೀನಿ ಸಾರ್, ಗೊತ್ತಾ? ಹುಚ್ಚು. ಮೊನ್ನೆ ಏನಾಯ್ತು ಅಂದ್ರೆ...”

ಏನಾಯಿತೆಂದು ಆಕೆ ಹೇಳಲಿಲ್ಲ. ಮಾತಿನ ಮಧ್ಯದಲ್ಲೇ ಎದ್ದರು. ಓವನ್ ಬಾಗಿಲು ತೆಗೆದರು, ತಟ್ಟೆಯನ್ನು ಹೊರಗೆಳೆದು ಕಟ್ಟೆಯ ಮೇಲಿಟ್ಟರು. ಹುರಿದ ಕಡಲೆಕಾಯಿಯ ಘಮ ಆಗಷ್ಟೇ ನನ್ನ ಮೂಗಿಗೆ ತಾಗಿತು.

“ಐದು ನಿಮಿಷ ಇರ್ಲಿ ಅಂದಿದ್ದೆ,” ಎಂದೆ.

“ಅಯ್ಯೋ, ಮರ್ತೇಬಿಟ್ಟೆ. ಘಮ ಬಂತಲ್ಲ, ಕೈ ಹೋಗ್ಬಿಡ್ತು.”

ನನಗೆ ಬೇಕಿದ್ದದ್ದು ಅದೇ. ಬೇಕಿದ್ದದ್ದು ಸಿಕ್ಕಿಯೂ ಮನಸ್ಸಿಗೆ ಇಷ್ಟು ಬೇಜಾರಾದ ದಿನ ಇನ್ನೊಂದಿಲ್ಲ.

ಚೀಲದಿಂದ ಆಶ್ರಯದ ಬಿಸ್ಕೆಟ್‌ಗಳನ್ನು ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟೆ. ಬಿಸಿ ತಟ್ಟೆಯಿಂದ ಒಂದನ್ನು ಎತ್ತಿ ಅದನ್ನೂ ಪಕ್ಕದಲ್ಲಿ ಮಗುಚಿದೆ. ಎಲ್ಲದರ ತಳವೂ ತಿಳಿಹೊಂಬಣ್ಣ. ಎಲ್ಲಿಯೂ ಒಂದು ಕಪ್ಪು ಚುಕ್ಕೆಯಿಲ್ಲ.

“ಇದೇನು?” ಅಕ್ಕನ ದನಿ ಸಣ್ಣಗಾಯಿತು.

“ಕಾಣೆಯಾಗೋ ಮುಂಚೆ ಆಶ್ರಯದ ಬಿಸ್ಕೆಟ್ ಮಾತ್ರ ಗುಬ್ಬಿ ತನ್ನ ಗಂಡನ ಮನೇಲಿ ಒಬ್ಳೇ ಮಾಡ್ತಿದ್ದಳು. ಅಲ್ಲಿ ನಿಮ್ಮ ಮೂಗು ಇರ್ಲಿಲ್ಲ. ಕಣ್ಣಲ್ಲಿ ನೋಡಿ ಅಂದಾಜು ಮಾಡ್ತಿದ್ದಳು. ಮೇಲ್ಗಡೆ ಬಣ್ಣ ಬರೋಷ್ಟರಲ್ಲಿ ತಳ ಸೀದು ಹೋಗಿರ್ತಿತ್ತು. ಕಾವಲುಗಾರ ಹೇಳಿದ, ಒಂದು ಸಲಾನೂ ಸೀಯದ ಬಿಸ್ಕೆಟ್ ಬಂದಿರ್ಲಿಲ್ಲವಂತೆ. ‘ಅಮ್ಮಾವ್ರೇ, ಬಿಸ್ಕೆಟ್ ತಂದ್ರಾ ಇದ್ದಿಲು ತಂದ್ರಾ’ ಅಂತ ಅವನು ರೇಗಿಸ್ತಿದ್ದನಂತೆ.”

ಅಕ್ಕ ಮಗುಚಿಟ್ಟ ಬಿಸ್ಕೆಟ್‌ಗಳ ಮೇಲೆ ಬೆರಳಾಡಿಸಿದರು.

“ಅಚ್ಚು ಅದೇ, ಸಿಹಿಗುಂಬಳ ಅದೇ. ಮೀನಿನ ಕಣ್ಣಿಗೆ ಕಡ್ಡಿ ಚುಚ್ಚಿದ ತೂತು ಸಹ ಅದೇ. ಎಲ್ಲ ನಕಲು ಮಾಡಿದ್ರಿ. ಸೀಯಿಸೋಕೆ ಮಾತ್ರ ನಿಮ್ಮ ಕೈಲಿ ಆಗ್ಲಿಲ್ಲ.”

“ಪ್ರಯತ್ನ ಮಾಡ್ದೆ,” ಎಂದರು ಅಕ್ಕ. “ದೇವ್ರಾಣೆ ಮಾಡ್ದೆ. ಹಿತ್ತಲಿಗೆ ಹೋಗಿ ನಿಂತೆ. ಮೂಗಿಗೆ ಬಟ್ಟೆ ಕಟ್ಕೊಂಡೆ. ಆದ್ರೂ ಕಾಲು ಓಡಿ ಬಂದ್ಬಿಡ್ತಿತ್ತು ಸಾರ್.”

ನನಗೆ ಸಿಟ್ಟು ನೆತ್ತಿಗೇರಿತು. ನಗುವೂ ಬಂತು. ಎರಡನ್ನೂ ನುಂಗಿಕೊಂಡೆ.

“ಯಾಕೆ ಹೀಗೆ ಮಾಡಿದ್ರಿ?”

“ಯಾಕೆ ಅಂದ್ರೆ?” ಆಕೆಯ ದನಿ ಒಮ್ಮೆಲೇ ಏರಿತು. “ಅವಳು ಸತ್ತಳು ಅಂತ ಕಾಗದದ ಮೇಲೆ ಬರ್ಕೊಡಿ ಅಂತ ಅವಳ ಗಂಡ ಪೊಲೀಸರ ಹಿಂದೆ ಬಿದ್ದಿದ್ದ. ಹೆಣ ಸಿಕ್ಕಿಲ್ಲ, ಏನಿಲ್ಲ. ಖಾಲಿ ಸ್ಕೂಟರ್ ನೋಡಿ ನನ್ನ ತಂಗೀನ ಸಾಯಿಸಿಬಿಟ್ರು. ನಾನು ಸ್ಟೇಷನ್ನಿಗೆ ಹೋಗಿ ಕೂತೆ, ಅತ್ತು ಕರೆದೆ, ಕಾಲು ಹಿಡ್ಕೊಂಡೆ. ಒಬ್ಬನಾದ್ರೂ ತಲೆ ಎತ್ತಿ ನೋಡ್ಬೇಕಲ್ಲ? ಗೇಟಿಗೆ ಒಂದು ಪೊಟ್ಟಣ ಬಿಸ್ಕೆಟ್ ಎಸೆದೆ ನೋಡಿ, ಇನ್ಸ್‌ಪೆಕ್ಟರ್ ತಾನಾಗೇ ಈ ಮನೆಗೆ ಬಂದ.”

“ನನ್ನನ್ನೂ ಕರೆಸಿ ಮಂಗ ಮಾಡಿದ್ರಿ.”

“ನಿಮ್ಮನ್ನ ನಾನು ತಂಗೀನ ಹುಡುಕಿ ಅಂದೆ. ನೀವು ಬಿಸ್ಕೆಟ್ ಹುಡುಕಿದ್ರಿ.”

ಕಿಟಕಿಯ ಹೊರಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅಕ್ಕ ಬಿಸ್ಕೆಟ್‌ಗಳನ್ನು ಒಂದೊಂದಾಗಿ ನೇರ ಮಾಡಿ ಇಡುತ್ತಿದ್ದರು.

“ಅವಳಿಲ್ಲದೆ ನಂಗೆ ದಿನ ಹೋಗಲ್ಲ ಸಾರ್,” ಎಂದರು ತಲೆಯೆತ್ತದೆ. “ಅಷ್ಟೇ ವಿಷಯ. ಬೇರೇನೂ ಇಲ್ಲ. ಒಂದು ಸಲ ಬಂದು ಪಕ್ಕದಲ್ಲಿ ನಿಂತು ಪ್ರಾಣ ತಿಂದ್ರೆ ಸಾಕು ಅನ್ಸುತ್ತೆ.”

ನಾನು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ಮುಖವನ್ನು ನೋಡಿಕೊಂಡು ಮುಂದಿನ ಮಾತು ಹೇಳಲು ನನ್ನಿಂದಾಗುತ್ತಿರಲಿಲ್ಲ.

“ನಾಳೆ ಇನ್ಸ್‌ಪೆಕ್ಟರ್ ಈ ಕೇಸು ಮುಂದುವರಿಸ್ಬೇಕೋ ಬೇಡ್ವೋ ತೀರ್ಮಾನ ಮಾಡ್ತಾರೆ. ಅವರ ಕೈಲಿರೋದು ಈ ಬಿಸ್ಕೆಟ್ ಒಂದೇ. ನಾನು ಸುಳ್ಳು ಹೇಳೋಕಾಗಲ್ಲ ಅಕ್ಕ. ನಿಜ ಹೇಳಿದ್ರೆ ಕೇಸು ಅಲ್ಲಿಗೆ ಮುಗೀತು. ನಿಮ್ಮ ಮೇಲೂ ಒಂದು ಕೇಸು ಬೀಳಬಹುದು.”

“ನನ್ನ ಮೇಲೆ ಬೀಳ್ಲಿ. ಅವಳದ್ದು ಮುಚ್ಚೋದು ಬೇಡ.”

“ಅದು ನನ್ನ ಕೈಲಿಲ್ಲ.”

ಆಕೆ ತಲೆಯಾಡಿಸಿದರು. ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ನನಗೆ ಗದರುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಹೊರಡುವ ಮೊದಲು ಜೇಬಿನ ಕರವಸ್ತ್ರ ಬಿಚ್ಚಿ ಅದರಲ್ಲಿದ್ದದ್ದನ್ನೂ ಮೇಜಿನ ಮೇಲಿಟ್ಟೆ. ನಾಯಿ ಕಚ್ಚಿ ಅರ್ಧ ಉಳಿದ ಬಿಸ್ಕೆಟ್.

“ಇದಾದ್ರೂ ಪರವಾಗಿಲ್ಲ. ಕಷ್ಟಪಟ್ಟು ಸೀಯಿಸಿದ್ದೀರಿ. ಆದ್ರೆ ಗುಬ್ಬಿ ಗಂಡನಿಗೂ ಕಳಿಸಿ ಹೆದರಿಸೋದು ಜಾಸ್ತಿ ಆಯ್ತು.”

ಅಕ್ಕ ಅದನ್ನು ನೋಡಿದರು. “ಇದೆಲ್ಲಿತ್ತು?”

“ಬೆಳಿಗ್ಗೆ ಅವನ ಟೈಲ್ಸ್ ಅಂಗಡಿಗೆ ಹೋಗಿದ್ದೆ. ಬಚ್ಚಲಿಗೆ ಟೈಲ್ಸ್ ತಗೊಳ್ಳೋನ ಥರ. ಅವನದೊಂದು ನಾಯಿಮರಿ ಇದೆಯಲ್ಲ, ನನ್ನ ಮೇಲೇ ಹಾರ್ತು. ನಾನು ಟೈಲ್ಸ್ ರಾಶಿ ಹತ್ತಿ ನಿಂತೆ. ಬೊಗಳೋಕೆ ಅಂತ ಬಾಯಿ ಬಿಟ್ಟಾಗ ಇದು ಕೆಳಗೆ ಬಿತ್ತು.”

“ಅವನ ಹತ್ರ ನಾಯಿಮರಿ ಇದೆಯಾ?”

ಆ ಪ್ರಶ್ನೆ ಕೇಳಿದ ರೀತಿಗೇ ನನ್ನ ಕೈ ಚೀಲದ ಮೇಲೆ ನಿಂತುಬಿಟ್ಟಿತು.

“ಯಾಕೆ, ನಿಮಗೆ ಗೊತ್ತಿಲ್ವಾ?”

“ಎರಡು ವರ್ಷದಿಂದ ಆ ಮನುಷ್ಯನ ಮುಖ ನೋಡಿಲ್ಲ ನಾನು. ಆ ಕಡೆ ಬೀದಿಗೇ ಹೋಗಿಲ್ಲ.”

ಅಕ್ಕ ಚೂರನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಮೀನಿನ ಬಾಲದ ಕಡೆಯ ಅರ್ಧ. ಅಂಚು ಅಚ್ಚಿನಲ್ಲಿ ಒತ್ತಿದ ಹಾಗೆ ನಯವಾಗಿರಲಿಲ್ಲ, ಚಾಕುವಿನಲ್ಲಿ ಕೊಯ್ದ ಹಾಗೆ ಸೊಟ್ಟಪಟ್ಟವಾಗಿತ್ತು. ತಳ ಇದ್ದಿಲು. ಅದೆಲ್ಲ ನನಗೂ ಬೆಳಿಗ್ಗೆಯೇ ಕಂಡಿತ್ತು. ನಾನು ಬುದ್ಧಿವಂತ ನೋಡಿ, ಅಕ್ಕ ಕೊನೆಗೂ ಸೀಯಿಸುವುದನ್ನು ಕಲಿತರು ಎಂದುಕೊಂಡಿದ್ದೆ.

ಆಕೆ ಕಚ್ಚಿದ ಭಾಗವನ್ನು ಬಿಟ್ಟು ಇನ್ನೊಂದು ತುದಿಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾನು ಮುಖ ಸಿಂಡರಿಸಿದೆ. ಈ ಮನೆಯಲ್ಲಿ ಏನೇ ಬೇಯಿಸಿದರೂ ತಾವು ರುಚಿ ನೋಡದೆ ನಾಯಿಗೆ ಹಾಕುವ ಪದ್ಧತಿಯಿಲ್ಲ. ಅಕ್ಕ ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು.

“ಕಹಿ,” ಎಂದರು. “ಸಿಹಿಗುಂಬಳ ಸಿಕ್ಕಿಲ್ಲ ಅವಳಿಗೆ. ಕ್ಯಾರೆಟ್ ತುರಿದು ಹಾಕಿದ್ದಾಳೆ. ನೀರು ಹಿಂಡದೆ ಹಾಗೇ ಹಾಕಿದ್ದಾಳೆ. ಯಾವಾಗ್ಲೂ ಹಾಗೇ. ಎಷ್ಟು ಸಲ ಹೇಳಿದ್ರೂ...”

ಕಣ್ಣು ತೆರೆದಾಗ ಅದರ ತುಂಬ ನೀರಿತ್ತು.

“ಇದು ನಂದಲ್ಲ ಸಾರ್.”

“ಅಕ್ಕ...”

“ನಂದಲ್ಲ! ಇದು ಗುಬ್ಬೀದು. ಅಚ್ಚು ಇಲ್ದೆ ಚಾಕುವಲ್ಲಿ ಮೀನು ಮಾಡಿದ್ದಾಳೆ ನೋಡಿ. ವಾಸನೆ ಬಂತು ಕಣೇ ಅಂತ ಹೇಳೋಕೆ ಪಕ್ಕದಲ್ಲಿ ಒಂದು ಜನ ಇಲ್ಲ ಅವಳಿಗೆ!”

ಉಳಿದ ಚೂರನ್ನು ತೆಗೆದುಕೊಂಡು ನಾನೂ ನೋಡಿದೆ. ಆ ಮರಿಗೆ ಇನ್ನೂ ವರ್ಷ ತುಂಬಿರಲಿಕ್ಕಿಲ್ಲ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದು ಎಷ್ಟು ದಿನವಾಗಿತ್ತೋ. ಬಿಸ್ಕೆಟ್ ಒಳಗಡೆ ಇನ್ನೂ ಬೂಷ್ಟು ಹಿಡಿದಿರಲಿಲ್ಲ. ನೀರಿರುವ ಕ್ಯಾರೆಟ್ ಹಾಕಿದ್ದು ಹೆಚ್ಚೆಂದರೆ ಒಂದು ವಾರ ತಡೆದೀತು. ಎರಡು ವರ್ಷದ ಹಿಂದೆ ಸತ್ತವಳು ಹೋದ ವಾರ ಬಿಸ್ಕೆಟ್ ಬೇಯಿಸಿದ್ದಳು.

“ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ,” ಅಕ್ಕ ನನ್ನ ತೋಳು ಹಿಡಿದು ಅಲುಗಿಸಿದರು. “ಈಗ್ಲೇ ಮಾಡಿ.”

“ಮಾಡಿ ಏನಂತ ಹೇಳ್ಲಿ? ಆ ಬಿಸ್ಕೆಟ್ ಎಲ್ಲ ನಕಲು, ಇದೊಂದು ಮಾತ್ರ ಅಸಲಿ ಅಂತಲೇ?”

ತೋಳು ಹಿಡಿದಿದ್ದ ಕೈ ಸಡಿಲವಾಯಿತು. ತಟ್ಟೆಯ ತುಂಬ ಇದ್ದ ಹೊಂಬಣ್ಣದ ಮೀನುಗಳನ್ನು ಆಕೆ ನೋಡಿದ ನೋಟ ನನಗೆ ಇನ್ನೂ ಮರೆತುಹೋಗಿಲ್ಲ. ತಂಗಿ ಬದುಕಿದ್ದಾಳೆ ಎಂದು ಜಗತ್ತಿಗೆ ನಂಬಿಸಲು ಹೊರಟವರು, ಈಗ ನಿಜವನ್ನೇ ಕೈಯಲ್ಲಿ ಹಿಡಿದುಕೊಂಡು ಯಾರನ್ನೂ ನಂಬಿಸಲಾರದೆ ನಿಂತಿದ್ದರು.

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಅದರ ಹಿಂದೆಯೇ ಮರಿಯ ಕುಂಯ್‌ಗುಟ್ಟುವಿಕೆ.

ಅಕ್ಕ ಪರದೆ ಸರಿಸಿ ನೋಡಿ ಥಟ್ಟನೆ ಹಿಂದೆ ಸರಿದರು. “ಅವನೇ,” ಎಂದರು ಪಿಸುದನಿಯಲ್ಲಿ. “ಟೈಲ್ಸ್ ಸಾಹುಕಾರ.”

ಬೆಳಿಗ್ಗೆ ಅವನ ಅಂಗಡಿಯಲ್ಲಿ ಬಚ್ಚಲ ಅಳತೆ ಹೇಳಿ ಬಂದವನು ಇಲ್ಲಿ ಕಣ್ಣಿಗೆ ಬಿದ್ದರೆ ಎಲ್ಲ ಕೆಟ್ಟಂತೆ. ನನ್ನನ್ನು ಗುರುತಿಸಿದ ಮರುಗಳಿಗೆಯಿಂದ ಅವನು ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ, ಅವನು ಬಚ್ಚಿಟ್ಟಿರುವ ಗುಬ್ಬಿ ಎಲ್ಲಿದ್ದರೂ ಅಲ್ಲಿಂದ ಮಾಯವಾಗುತ್ತಾಳೆ. ಅರ್ಧ ಬಿಸ್ಕೆಟ್ಟನ್ನು ಕರವಸ್ತ್ರಕ್ಕೆ ಸುತ್ತಿ ಜೇಬಿಗೆ ತುರುಕಿ, ಚೀಲ ಬಾಚಿಕೊಂಡು ಪಕ್ಕದ ಉಗ್ರಾಣಕ್ಕೆ ನುಗ್ಗಿದೆ. ಓಟ್ಸ್ ಮೂಟೆಗಳ ನಡುವೆ ಹೊಟ್ಟೆ ಎಳೆದುಕೊಂಡು ನಿಂತರೆ ಬಾಗಿಲ ಸಂದಿಯಲ್ಲಿ ಅಡುಗೆಮನೆಯ ಒಂದು ಪಟ್ಟಿ ಕಾಣುತ್ತಿತ್ತು.

“ಚೆನ್ನಾಗಿದ್ದೀರಾ ಅತ್ತಿಗೆ?”

“ಬನ್ನಿ,” ಎಂದರು ಅಕ್ಕ. ದನಿ ನಡುಗಲಿಲ್ಲ. ಆ ಹೆಂಗಸಿಗೆ ಅಷ್ಟು ಗಟ್ಟಿ ಗುಂಡಿಗೆ ಇದೆಯೆಂದು ನಾನು ಎಣಿಸಿರಲಿಲ್ಲ.

“ಕೋಪ ಮಾಡ್ಕೋಬೇಡಿ. ಇಷ್ಟು ದಿನ ಬರ್ದೇ ಇದ್ದೋನು ಈಗ ಬಂದೆ ಅಂತ. ಈ ಮರಿ ದೆಸೆಯಿಂದ ಬಂದೆ. ಸರಿಯಾಗಿ ತಿನ್ನೋದೇ ಬಿಟ್ಟಿದೆ. ಅಂಗಡಿ ಬಿಸ್ಕೆಟ್ ಕೊಟ್ರೆ ಮೂಸಿ ಮುಖ ತಿರುಗಿಸುತ್ತೆ. ಒಂದು ಹಳೇ ಚೂರು ಬಾಯಲ್ಲಿ ಇಟ್ಕೊಂಡು ತಿರುಗ್ತಾ ಇತ್ತು, ಬೆಳಿಗ್ಗೆಯಿಂದ ಅದನ್ನೂ ಎಲ್ಲೋ ಕಳ್ಕೊಂಡಿದೆ.”

ಆ ‘ಎಲ್ಲೋ’ ನನ್ನ ಜೇಬಿನಲ್ಲಿತ್ತು. ಮರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ನೆಲದ ಮೇಲೆ ಉಗುರಿನ ಸದ್ದು ನೇರವಾಗಿ ಉಗ್ರಾಣದ ಕಡೆಗೇ ಬಂತು. ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಒದ್ದೆ ಮೂಗು ತೂರಿ, ನನ್ನ ಚಪ್ಪಲಿಯನ್ನು ಮೂಸಿತು. ನಾನು ಉಸಿರು ಹಿಡಿದು ಗೋಡೆಗೆ ಅಂಟಿಕೊಂಡೆ.

“ಏನಿದೆ ಅಲ್ಲಿ?” ಎಂದ ಸಾಹುಕಾರ.

“ಹಿಟ್ಟಿನ ಮೂಟೆ. ಇಲಿ ಕಾಟ ಬೇರೆ.” ಅಕ್ಕ ಬಗ್ಗಿ ಮರಿಯನ್ನು ಎತ್ತಿಕೊಂಡರು. ಅದು ಅವರ ಅಂಗೈಯನ್ನು ನೆಕ್ಕತೊಡಗಿತು. “ಪಾಪ, ಹಸಿವು ಇದಕ್ಕೆ. ಈಗ ತಾನೇ ಮಾಡಿದ್ದು ಇದೆ, ಕೊಡ್ಲಾ?”

ತಟ್ಟೆಯಿಂದ ಒಂದು ಮೀನು ಕೊಟ್ಟರು. ಮರಿ ಮೂಸಿತು, ಬಾಯಿಗೆ ತೆಗೆದುಕೊಂಡಿತು, ಉಗುಳಿತು.

“ನೋಡಿದ್ರಾ?” ಸಾಹುಕಾರನ ದನಿಯಲ್ಲಿ ನಿಜವಾದ ಸಂಕಟವಿತ್ತು. ಆ ಮನುಷ್ಯನಿಗೆ ನಾಯಿಯ ಮೇಲೆ ಪ್ರೀತಿ ಇತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. “ಇದೇ ಥರದ್ದೇ, ಆದ್ರೆ ಸ್ವಲ್ಪ ಜಾಸ್ತಿ ಬೇಯಿಸಿ ಅತ್ತಿಗೆ. ತಳ ಕಪ್ಪಗೆ ಸೀದಿರಬೇಕು. ಅದೇ ರುಚಿ ಹಿಡಿದುಬಿಟ್ಟಿದೆ ಇದಕ್ಕೆ.”

ಅಕ್ಕನ ಬೆನ್ನು ನನ್ನ ಕಡೆಗಿತ್ತು. ಮರಿಯನ್ನು ಹಿಡಿದ ಬೆರಳುಗಳು ಬಿಗಿಯಾದದ್ದಷ್ಟೇ ನನಗೆ ಕಂಡಿತು.

“ಅದಕ್ಕೇನು, ಮಾಡ್ಕೊಡ್ತೀನಿ. ಕೂತ್ಕೊಳ್ಳಿ.” ಮರಿಯನ್ನು ಕೆಳಗಿಳಿಸದೆ ಒಂದೇ ಕೈಯಲ್ಲಿ ಹಿಟ್ಟಿನ ಡಬ್ಬಿ ತೆಗೆದರು. “ಇಷ್ಟು ದಿನ ಯಾರು ಮಾಡ್ಕೊಡ್ತಿದ್ರು?”

“ಅಡುಗೆಗೆ ಒಬ್ಬಳಿದ್ದಾಳೆ.” ಅವನು ಗಂಟಲು ಸರಿಮಾಡಿಕೊಂಡ. “ಮೂರ್ನಾಲ್ಕು ದಿನದಿಂದ ಅವಳಿಗೆ ಹುಷಾರಿಲ್ಲ. ಜ್ವರ. ಮಲಗಿದಲ್ಲೇ ಇದ್ದಾಳೆ.”

“ಡಾಕ್ಟರಿಗೆ ತೋರಿಸಿದ್ರಾ?”

“ಹೋಗುತ್ತೆ ಬಿಡಿ, ಜ್ವರ ತಾನೇ.”

ನನ್ನ ಕೈ ಉಗ್ರಾಣದ ಚಿಲಕದ ಮೇಲಿತ್ತು. ಹೊರಗೆ ಹಾರಿ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿದರೆ ಗುಬ್ಬಿ ಎಲ್ಲಿ ಮಲಗಿದ್ದಾಳೆಂದು ಹೇಳುವ ಬಾಯಿ ಮುಚ್ಚಿಹೋಗುತ್ತದೆ. ಅಕ್ಕನಿಗೂ ಅದು ಗೊತ್ತಿತ್ತು. ಆಕೆ ಹಿಟ್ಟು ಅಳೆಯುತ್ತಲೇ ಇದ್ದರು, ಪಾತ್ರೆಗೆ ಬೀಳಬೇಕಾದ ಹಿಟ್ಟು ಕಟ್ಟೆಯ ಮೇಲೆ ಬೀಳುತ್ತಿತ್ತು.

“ಪಾಪ,” ಎಂದರು. ಮಗುವನ್ನು ರಮಿಸುವವರ ದನಿ ಅದು. “ಜ್ವರದಲ್ಲಿ ಬರೀ ಹೊಟ್ಟೇಲಿ ಇರಬಾರ್ದು. ಒಂದಿಷ್ಟು ಗಂಜಿ ಕಾಯಿಸಿ ಕೊಡ್ತೀನಿ, ಅವಳಿಗೂ ತಗೊಂಡು ಹೋಗಿ. ಇಲ್ದಿದ್ರೆ ನಾನೇ ಬಂದು ಕುಡಿಸ್ತೀನಿ. ನಂಗೇನು ಕಷ್ಟ ಇಲ್ಲ.”

“ಬೇಡ ಅತ್ತಿಗೆ,” ಎಂದ ಸಾಹುಕಾರ, ಮರಿಯ ತಲೆ ನೇವರಿಸುತ್ತ. “ನಾಯಿಗೆ ಮಾತ್ರ ಮಾಡ್ಕೊಡಿ, ಸಾಕು. ಅವಳು ನಿನ್ನೆ ಮಧ್ಯಾಹ್ನದಿಂದ ನೀರೂ ನುಂಗ್ತಿಲ್ಲ.”